ನಡುವಿನ ನೀರು: ಕಡಿಮೆ ಖರ್ಚಿನಲ್ಲಿ ಕಡಲೊಳಗಿನ ವೈಡ್ ಆ್ಯಂಗಲ್ ಛಾಯಾಗ್ರಹಣ

(ಧಾರವಾಡದಲ್ಲಿ ಛಾಯಾಗ್ರಹಣಾಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಂಥದ್ದು ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾವೇರಿ ಕಡೆಯಿಂದ ಬಂದವರೂ ಇಲ್ಲಿ ಇದ್ದೀರಿ. ಹೋದ ಜನವರಿಯಲ್ಲಿ ಅಂಥ ಒಂದು ಒಣ ಮೆಣಸಿನಕಾಯಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯನ್ನೆಲ್ಲ ಹಿಂಡಿ ತೆಗೆದು, ಬಿಗಿಯಾಗಿ ಕಟ್ಟಿ, ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ನನ್ನ ಜೊತೆ ಕಡಲಿಗಿಳಿಸಿದೆ. ದೋಣಿಯಲ್ಲಿ ಕೆಂಪಗೆ ಹೊಳೆಯುತ್ತಿದ್ದ ಕಾಯಿ ಐದು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಮಾಸಲು ಕಂದು ಬಣ್ಣಕ್ಕೆ ತಿರುಗಿತ್ತು. ಹನ್ನೆರಡು ಮೀಟರಿನಲ್ಲಿ ಅದು ಒಗ್ಗರಣೆಯಲ್ಲಿ ಸೀದುಹೋದ ಮೆಣಸಿನಕಾಯಿಯ ಹಾಗೆ ಕಪ್ಪಗಿತ್ತು. ಒಂದು ಗೇಣು ದೂರದಿಂದ ಟಾರ್ಚ್ ಹಾಕಿದೆ. ಬ್ಯಾಡಗಿಯ ಸಂತೆಯಲ್ಲಿ ಕಾಣುವ ಅದೇ ಕೆಂಪು ಒಮ್ಮೆಲೇ ಮರಳಿ ಬಂತು. ಟಾರ್ಚನ್ನು ಹಿಡಿದು ನಿಧಾನವಾಗಿ ಹಿಂದೆ ಸರಿದೆ. ಒಂದು ಮೀಟರ್ ದೂರದವರೆಗೆ ಕೆಂಪು ಇತ್ತು. ಎರಡು ಮೀಟರ್ ದಾಟುವಾಗ ಮತ್ತೆ ಮಾಸತೊಡಗಿತು.

ನಾನು ಇವತ್ತು ಹೇಳಬೇಕಾದದ್ದೆಲ್ಲ ಆ ಒಂದು ಮೆಣಸಿನಕಾಯಿಯಲ್ಲಿದೆ. ನೀರು ಬೆಳಕಿನಲ್ಲಿರುವ ಕೆಂಪನ್ನು ಮೊದಲು ಹೀರಿಕೊಳ್ಳುತ್ತದೆ, ಆಮೇಲೆ ಕಿತ್ತಳೆ, ಹಳದಿ. ಮೇಲಿನಿಂದ ಇಳಿಯುವ ಬಿಸಿಲಿಗೆ ಹೇಗೋ, ಕ್ಯಾಮೆರಾ ಮತ್ತು ಮೀನಿನ ನಡುವೆ ಅಡ್ಡಲಾಗಿ ಹೋಗುವ ಬೆಳಕಿಗೂ ಹಾಗೆಯೇ. ಜೊತೆಗೆ ನೀರಿನಲ್ಲಿ ತೇಲುವ ಮರಳು, ಪಾಚಿ, ಜೀವಕಣಗಳು. ನಡುವೆ ನೀರು ಹೆಚ್ಚಿದಷ್ಟೂ ಬಣ್ಣ ಕಡಿಮೆ, ಮಸುಕು ಹೆಚ್ಚು. ಯಾವ ಲೆನ್ಸ್ ಕೊಳ್ಳಲಿ ಎಂದು ನನ್ನನ್ನು ಕೇಳುವವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಆ ಹಣದಿಂದ ನಿಮ್ಮ ಮತ್ತು ಮೀನಿನ ನಡುವೆ ಎಷ್ಟು ನೀರು ಕಡಿಮೆಯಾಗುತ್ತದೆ?

ನೆಲದ ಮೇಲೆ ವೈಡ್ ಆ್ಯಂಗಲ್ ಲೆನ್ಸ್ ಬಳಸುವುದು ಉಣಕಲ್ ಕೆರೆಯ ಸೂರ್ಯಾಸ್ತದಂಥ ವಿಸ್ತಾರವನ್ನು ಹಿಡಿಯಲು. ನೀರೊಳಗೆ ಅದನ್ನು ಬಳಸುವುದು ಹತ್ತಿರ ಹೋಗಲು. ಎರಡು ಮೀಟರ್ ಉದ್ದದ ಒಂದು ದೃಶ್ಯ ಎಂದುಕೊಳ್ಳಿ, ಈಜುತ್ತಿರುವ ಒಬ್ಬ ಡೈವರ್. ಕ್ಯಾಮೆರಾದ ಜೊತೆಗೇ ಬರುವ ಸಾಮಾನ್ಯ ಕಿಟ್ ಲೆನ್ಸನ್ನು ಹೌಸಿಂಗಿನ, ಅಂದರೆ ನೀರು ಒಳಬಾರದ ಪೆಟ್ಟಿಗೆಯ, ಚಪ್ಪಟೆ ಗಾಜಿನ ಹಿಂದೆ ಇಟ್ಟರೆ ಆ ಡೈವರ್ ಚೌಕಟ್ಟಿನೊಳಗೆ ಹಿಡಿಸಲು ಸುಮಾರು ಎರಡೂಕಾಲು ಮೀಟರ್ ಹಿಂದೆ ಸರಿಯಬೇಕು. ಸ್ಟ್ರೋಬಿನ, ಅಂದರೆ ನೀರೊಳಗಿನ ಫ್ಲ್ಯಾಶಿನ, ಬೆಳಕು ಅಷ್ಟು ದೂರ ಹೋಗಿ ಅಷ್ಟೇ ದೂರ ಮರಳಬೇಕು, ಒಟ್ಟು ನಾಲ್ಕೂವರೆ ಮೀಟರ್ ನೀರು. ಸುಮಾರು 180 ಡಿಗ್ರಿ ನೋಡುವ ಫಿಶ್‌ಐ ಲೆನ್ಸ್ ಇದ್ದರೆ ಅದೇ ಡೈವರ್‌ನನ್ನು ಮುಕ್ಕಾಲು ಮೀಟರ್ ದೂರದಿಂದ ಹಿಡಿಯಬಹುದು. ಹೋಗಿ ಬಂದರೂ ಒಂದೂವರೆ ಮೀಟರ್. ದುಬಾರಿ ಸೆನ್ಸರ್ ಆಗಲಿ, ಮನೆಯಲ್ಲಿ ಕೂತು ಮಾಡುವ ಬಣ್ಣದ ತಿದ್ದುಪಡಿಯಾಗಲಿ ಈ ಮೂರು ಮೀಟರಿನ ವ್ಯತ್ಯಾಸವನ್ನು ತುಂಬಿಕೊಡುವುದನ್ನು ನಾನು ಇದುವರೆಗೆ ಕಂಡಿಲ್ಲ.

ಚಪ್ಪಟೆ ಗಾಜು ಎಂದೆ. ಅದರ ತೊಂದರೆ ತಿಳಿಯಲು ಸಮುದ್ರದವರೆಗೆ ಹೋಗಬೇಕಾಗಿಲ್ಲ, ಗದಗದ ಪಕ್ಕದ ಲಕ್ಕುಂಡಿಗೆ ಹೋದರೆ ಸಾಕು. ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯಲ್ಲಿ ನೀರು ತಿಳಿಯಾಗಿರುವಾಗ ದಡದಲ್ಲಿ ನಿಂತು ಮುಳುಗಿದ ಮೆಟ್ಟಿಲುಗಳನ್ನು ನೋಡಿ. ನಾಲ್ಕು ಅಡಿ ಆಳದ ಮೆಟ್ಟಿಲು ಮೂರೇ ಅಡಿ ಆಳದಲ್ಲಿದ್ದಂತೆ ಕಾಣುತ್ತದೆ. ಶಾಲೆಯಲ್ಲಿ ಓದಿದ ವಕ್ರೀಭವನ ಇದೇ. ನೀರಿನ ವಕ್ರೀಭವನ ಸೂಚ್ಯಂಕ 1.33, ಅಂದರೆ ಮೂರಕ್ಕೆ ನಾಲ್ಕು. ಚಪ್ಪಟೆ ಪೋರ್ಟಿನ, ಅಂದರೆ ಹೌಸಿಂಗಿನ ಕಿಟಕಿಯ, ಹಿಂದಿರುವ ಕ್ಯಾಮೆರಾ ಆ ಬಾವಿಯ ದಡದಲ್ಲಿ ನಿಂತವರ ಹಾಗೆಯೇ ಗಾಳಿಯಲ್ಲಿ ಇದ್ದುಕೊಂಡು ನೀರನ್ನು ನೋಡುತ್ತದೆ. ವಸ್ತುಗಳು ಹತ್ತಿರ ಬಂದಂತೆ, ದೊಡ್ಡದಾದಂತೆ ಕಾಣುತ್ತವೆ, ಅಷ್ಟರ ಮಟ್ಟಿಗೆ ನೋಟ ಕಿರಿದಾಗುತ್ತದೆ. ಗಾಳಿಯಲ್ಲಿ 83 ಡಿಗ್ರಿ ನೋಡುವ 16 ಮಿ.ಮೀ. ಲೆನ್ಸ್ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಕ್ಯಾಮೆರಾದಲ್ಲಿ ಚಪ್ಪಟೆ ಪೋರ್ಟಿನ ಹಿಂದೆ 60 ಡಿಗ್ರಿಗೆ ಇಳಿಯುತ್ತದೆ. ಇನ್ನೂ ಅಗಲದ ಲೆನ್ಸ್ ಹಾಕಿದರೂ ಬಿಡುಗಡೆ ಇಲ್ಲ: ಚಪ್ಪಟೆ ಗಾಜಿನ ಮೂಲಕ ಸುಮಾರು 97 ಡಿಗ್ರಿಗಿಂತ ಹೆಚ್ಚು ನೋಡಲು ಬೆಳಕಿನ ನಿಯಮವೇ ಬಿಡುವುದಿಲ್ಲ. ಅದಕ್ಕೂ ಬಹಳ ಮೊದಲೇ ಅಂಚುಗಳಲ್ಲಿ ಬಣ್ಣ ಒಡೆದು, ಗೆರೆಗಳು ಎಳೆದಂತಾಗಿರುತ್ತವೆ. ಮ್ಯಾಕ್ರೊ ಕೆಲಸಕ್ಕೆ, ಅಂದರೆ ಪುಟ್ಟ ಜೀವಿಗಳ ಸಮೀಪದ ಚಿತ್ರಕ್ಕೆ, ಚಪ್ಪಟೆ ಪೋರ್ಟ್ ಚೆನ್ನಾಗಿದೆ. ವೈಡ್ ಆ್ಯಂಗಲ್ ಬೇಕೆಂದರೆ ಅದನ್ನು ಬಿಡಲೇಬೇಕು, ಇಲ್ಲವೇ ಅದರ ಮುಂದೆ ಇನ್ನೇನಾದರೂ ಜೋಡಿಸಬೇಕು.

ಇದಕ್ಕೆ ಉತ್ತರವೇ ಡೋಮ್, ಅರೆಗೋಳದ ಗಾಜು. ಬೆಳಕು ಡೋಮಿನ ಎಲ್ಲ ಕಡೆಯಿಂದಲೂ ನೇರವಾಗಿ ಒಳಬರುವುದರಿಂದ ಲೆನ್ಸಿನ ಪೂರ್ತಿ ಕೋನ ಉಳಿಯುತ್ತದೆ. ಆದರೆ ನೀರು ಮತ್ತು ಗಾಳಿಯ ನಡುವೆ ಇರುವ ಡೋಮ್ ತಾನೇ ಒಂದು ಲೆನ್ಸ್ ಆಗಿಬಿಡುತ್ತದೆ. ಈ ಮಾತಿನ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಹಣ ಪೋಲಾಗುವ ಜಾಗ ಇದೇ. ನನ್ನ ಹಣ ಪೋಲಾದದ್ದೂ ಇಲ್ಲಿಯೇ.

ಡೋಮಿನ ಹಿಂದಿರುವ ಕ್ಯಾಮೆರಾ ಮೀನನ್ನು ನೇರವಾಗಿ ನೋಡುವುದಿಲ್ಲ. ಡೋಮಿನ ಮುಂದೆ, ಕೈಯಳತೆಯೊಳಗೆ ಮೂಡುವ ಮೀನಿನ ಮಿಥ್ಯಾಬಿಂಬವನ್ನು ನೋಡುತ್ತದೆ. ಕೈಗೆಟಕುವ ಬೆಲೆಯ ಹೌಸಿಂಗುಗಳ ಜೊತೆ ಸಾಮಾನ್ಯವಾಗಿ ಸಿಗುವ ಆರು ಇಂಚಿನ ಡೋಮನ್ನೇ ತೆಗೆದುಕೊಳ್ಳಿ. ಪೂರ್ತಿ ಅರೆಗೋಳವಾಗಿದ್ದರೆ ಅದರ ತ್ರಿಜ್ಯ ಸುಮಾರು ಏಳೂವರೆ ಸೆಂಟಿಮೀಟರ್. ಅನಂತ ದೂರದಲ್ಲಿರುವ ವಸ್ತುವಿನ ಬಿಂಬ ಗಾಜಿನಿಂದ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ಮೂಡುತ್ತದೆ, ಅಂದರೆ 23 ಸೆಂಟಿಮೀಟರ್ ಆಸುಪಾಸಿನಲ್ಲಿ. ಒಂದು ಮೀಟರ್ ದೂರದ ಮೀನಿನ ಬಿಂಬ 17 ಸೆಂಟಿಮೀಟರಿನಲ್ಲಿ. ಮೂವತ್ತು ಸೆಂಟಿಮೀಟರ್ ದೂರದ ಮೀನಿನದ್ದು 11 ಸೆಂಟಿಮೀಟರಿನಲ್ಲಿ. ಇಡೀ ಕಡಲು, ನಿಮ್ಮ ಮೂಗಿನ ತುದಿಯ ಮೀನಿನಿಂದ ದಿಗಂತದ ನೀಲಿಯವರೆಗೆ, ಗಾಜಿನ ಮುಂದಿನ ಹನ್ನೆರಡು ಸೆಂಟಿಮೀಟರ್ ಪಟ್ಟಿಯೊಳಗೆ ಮಡಚಿ ಕೂತಿರುತ್ತದೆ. ಇದು ನನಗೆ ಇವತ್ತಿಗೂ ಬೆರಗು.

ನನ್ನ ಮೊದಲ ಡೋಮನ್ನು ಕಿಟ್ ಲೆನ್ಸಿನ ಮುಂದೆ ಹಾಕಿಕೊಂಡು ನೇತ್ರಾಣಿಗೆ ಹೋಗಿದ್ದೆ. ಮಾರಿದವರು ‘ಯಾವ ಲೆನ್ಸಿಗಾದರೂ ನಡೆಯುತ್ತದೆ’ ಎಂದಿದ್ದರು, ನಾನು ನಂಬಿದೆ. ಹುಬ್ಬಳ್ಳಿಯಿಂದ ರಾತ್ರಿ ಹೊರಟು, ಅರಬೈಲು ಘಟ್ಟ ಇಳಿದು, ಅಂಕೋಲಾ, ಕುಮಟಾ ದಾಟಿ ಬೆಳಗಿಗೆ ಮುರುಡೇಶ್ವರ ಸೇರಿ, ಅಲ್ಲಿಂದ ಮತ್ತೆ ದೋಣಿ. ಬಂಡೆಯೊಂದರ ಮೇಲೆ ಗಿಳಿಮೀನೊಂದು ಪಾಚಿ ಕೆರೆಯುತ್ತಿತ್ತು. ಹಸಿರು ಮೈ, ರೆಕ್ಕೆಯಂಚಿಗೆ ಗುಲಾಬಿ ಗೆರೆ. ಹಲ್ಲು ಬಂಡೆಗೆ ತಾಗುವ ಕಟಕಟ ಸದ್ದು ಕಿವಿಗೆ ಕೇಳುವಷ್ಟು ಹತ್ತಿರ ಬಿಟ್ಟುಕೊಂಡಿತು. ಕ್ಯಾಮೆರಾ ಹಿಂದೆ ಮುಂದೆ ಹುಡುಕಾಡಿತೇ ಹೊರತು ಒಮ್ಮೆಯೂ ಫೋಕಸ್ ಹಿಡಿಯಲಿಲ್ಲ. ಊರಿಗೆ ಬಂದು ಲೆಕ್ಕ ಹಾಕಿದಾಗ ಕಾರಣ ಸರಳವಾಗಿತ್ತು. ಆ ಲೆನ್ಸಿನ ಕನಿಷ್ಠ ಫೋಕಸ್ ದೂರ 25 ಸೆಂಟಿಮೀಟರ್, ಅದೂ ಸೆನ್ಸರಿನಿಂದ ಅಳೆದದ್ದು. ಸೆನ್ಸರಿನಿಂದ ಡೋಮಿನ ಗಾಜಿಗೆ ಹತ್ತು, ಅಲ್ಲಿಂದ ಬಿಂಬಕ್ಕೆ ಹನ್ನೊಂದು, ಒಟ್ಟು ಇಪ್ಪತ್ತೊಂದು. ಮೀನು ಹತ್ತಿರ ಬಂದಷ್ಟೂ ಲೆನ್ಸಿಗೆ ಅದು ಕಾಣದಾಗುತ್ತಿತ್ತು. ಹತ್ತಿರ ಹೋಗಲೆಂದು ಕೊಂಡ ಸಾಧನವೇ ಹತ್ತಿರ ಹೋಗಲು ಅಡ್ಡಿಯಾಗಿತ್ತು. ಒಂದು ವರ್ಷ ಕೂಡಿಟ್ಟ ಹಣವದು. ನಿಮ್ಮಲ್ಲಿ ಯಾರಿಗೂ ಹಾಗಾಗಬಾರದು ಎಂಬ ಕಾರಣಕ್ಕೇ ಇವತ್ತು ಇಲ್ಲಿ ಬಂದು ನಿಂತಿದ್ದೇನೆ.

ಆದ್ದರಿಂದ ಲೆನ್ಸಿನ ವಿವರಪಟ್ಟಿಯಲ್ಲಿ ನೀವು ಮೊದಲು ಓದಬೇಕಾದದ್ದು ಕನಿಷ್ಠ ಫೋಕಸ್ ದೂರ. ಎಫ್ 1.8, ಎಫ್ 2.8 ಎಂಬ ದೊಡ್ಡ ಅಪರ್ಚರಿಗೆ (ಬೆಳಕು ಒಳಬಿಡುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಹಣ ಕೊಡಬೇಡಿ, ಡೋಮಿನ ಹಿಂದೆ ನೀವು ಅದನ್ನು ಬಳಸುವುದೇ ಇಲ್ಲ. ಡೋಮ್ ಮೂಡಿಸುವ ಬಿಂಬ ಬೋಗುಣಿಯ ಒಳಮೈಯಂತೆ ಬಾಗಿರುತ್ತದೆ, ಸೆನ್ಸರ್ ಚಪ್ಪಟೆ. ನಡುಭಾಗ ಸ್ಪಷ್ಟವಿದ್ದಾಗ ಮೂಲೆಗಳು ಕದಡುತ್ತವೆ. ಅದನ್ನು ಸರಿಪಡಿಸಲು ಎಪಿಎಸ್-ಸಿ, ಅದಕ್ಕಿಂತ ಸಣ್ಣ ಸೆನ್ಸರಿನ ಮೈಕ್ರೊ ಫೋರ್ ಥರ್ಡ್ಸ್ ಕ್ಯಾಮೆರಾಗಳಲ್ಲಿ ಎಫ್ 8ರಿಂದ 11ರವರೆಗೆ ಕಿರಿದು ಮಾಡಲೇಬೇಕು. ದೊಡ್ಡ ಸೆನ್ಸರಿನ ಫುಲ್‌ಫ್ರೇಮಿನಲ್ಲಿ ಇನ್ನೂ ಕಿರಿದು, ಜೊತೆಗೆ ಡೋಮ್ ಇನ್ನೂ ದೊಡ್ಡದು. ಡೋಮ್ ದೊಡ್ಡದಾದಂತೆ ಬೆಲೆ, ತೂಕ, ವಿಮಾನದ ಲಗೇಜು ಎಲ್ಲವೂ ಬೆಳೆಯುತ್ತವೆ. ಬಜೆಟ್ ಮಿತಿಯಲ್ಲಿರುವವರು ನೀರಿಗಾಗಿ ಫುಲ್‌ಫ್ರೇಮ್ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮದುವೆ ಫೋಟೊಗೆಂದು ಈಗಾಗಲೇ ಕೊಂಡಿದ್ದೀರಾದರೆ ಅದನ್ನು ದಡದಲ್ಲಿಯೇ ಇಟ್ಟು, ಹಳೆಯ ಸಣ್ಣ ಸೆನ್ಸರಿನ ಕ್ಯಾಮೆರಾವೊಂದನ್ನು ನೀರಿಗೆ ಇಳಿಸಿ.

ಹಾಗಾದರೆ ಏನು ಕೊಳ್ಳಬೇಕು? ಮೈಕ್ರೊ ಫೋರ್ ಥರ್ಡ್ಸ್ ಇರುವವರಿಗೆ ನನ್ನ ಉತ್ತರ ಯೋಚಿಸದೆ ಬರುತ್ತದೆ: ಪ್ಯಾನಾಸೋನಿಕ್‌ನ 8 ಮಿ.ಮೀ. ಎಫ್ 3.5 ಫಿಶ್‌ಐ, ಸೆಕೆಂಡ್ ಹ್ಯಾಂಡ್. 180 ಡಿಗ್ರಿ ನೋಟ, ತೂಕ 165 ಗ್ರಾಂ, ಸೆನ್ಸರಿನಿಂದ ಹತ್ತೇ ಸೆಂಟಿಮೀಟರಿನಲ್ಲಿ ಫೋಕಸ್. ನಾಲ್ಕು ಇಂಚಿನ ಪುಟ್ಟ ಡೋಮಿನ ಹಿಂದೆ ಕೂಡುತ್ತದೆ. ಹವಳದ ಸಂದಿನೊಳಗೆ, ಮುರೆ ಹಾವುಮೀನಿನ ಗೂಡಿನ ಬಾಯಿಯವರೆಗೆ ಆ ಪುಟ್ಟ ಡೋಮನ್ನು ಒಯ್ಯಬಹುದು. ಒಲಿಂಪಸ್‌ನ 8 ಮಿ.ಮೀ. ಎಫ್ 1.8 ಅದಕ್ಕಿಂತ ತೀಕ್ಷ್ಣ ಎನ್ನುವವರಿದ್ದಾರೆ. ಆದರೆ ತೂಕ ಹೆಚ್ಚುಕಡಿಮೆ ಇಮ್ಮಡಿ, ಬೆಲೆಯೂ ಹೆಚ್ಚು, ಮತ್ತು ನೀರಿನಲ್ಲಿ ಆ ಎಫ್ 1.8 ನಿಮಗೆ ಬೇಕಾಗುವುದಿಲ್ಲ.

ಫಿಶ್‌ಐ ಎಂದಕೂಡಲೇ ಕೆಲವರು ಮುಖ ಕಿವುಚುತ್ತಾರೆ, ಎಲ್ಲವೂ ಬಾಗಿ ಕಾಣುತ್ತದೆ ಎಂದು. ಧಾರವಾಡದ ಹಳೆಯ ಹಂಚಿನ ಮನೆಗಳನ್ನು ತೆಗೆಯುವಾಗ ಅದು ನಿಜ, ಕಂಬಗಳೆಲ್ಲ ಬಿಲ್ಲಿನಂತಾಗುತ್ತವೆ. ಕಡಲೊಳಗೆ ನೇರ ಗೆರೆ ಎಲ್ಲಿದೆ? ಹವಳ, ಬಂಡೆ, ಮೀನಿನ ಹಿಂಡು, ಎಲ್ಲವೂ ಮೊದಲೇ ಬಾಗಿದವು. ನೇರ ಗೆರೆಯನ್ನು ನೇರವಾಗಿಯೇ ಇಡುವ ರೆಕ್ಟಿಲೀನಿಯರ್ ಲೆನ್ಸುಗಳು, ಸೋನಿಯ 10-18, ಒಲಿಂಪಸ್‌ನ 9-18ರಂಥವು, ಹಾಗೆ ಇಡಲು ಅಂಚಿನ ವಸ್ತುಗಳನ್ನು ಎಳೆದು ಅಗಲಿಸುತ್ತವೆ. ಡೋಮಿನಿಂದ ಕದಡಿದ ಮೂಲೆ ಅದರಿಂದ ಇನ್ನಷ್ಟು ಕೆಡುತ್ತದೆ. ಮುಳುಗಿದ ಹಡಗು, ಈಜುಕೊಳದಲ್ಲಿ ಮನುಷ್ಯರ ಚಿತ್ರ ತೆಗೆಯುವವರಿಗೆ ಅವು ಬೇಕು. ಉಳಿದವರು ಅತ್ತ ಹೋಗಬೇಡಿ.

ಸೋನಿ ಎಪಿಎಸ್-ಸಿ ಇರುವವರಿಗೆ ದಾರಿ ಸ್ವಲ್ಪ ಸುತ್ತು. 16 ಮಿ.ಮೀ. ಎಫ್ 2.8 ಎಂಬ ತೆಳ್ಳನೆಯ ಲೆನ್ಸಿನ ಮೇಲೆ ಸೋನಿಯದೇ ಫಿಶ್‌ಐ ಕನ್ವರ್ಟರ್ ಕೂರಿಸಬಹುದು. ಗಾಳಿಯಲ್ಲಿ ಅದರ ಮೂಲೆಗಳು ಯಾರಿಗೂ ಇಷ್ಟವಾಗಲಿಲ್ಲ, ಹಾಗಾಗಿ ಹಳೆಯ ಮಾಲು ಕಡಿಮೆ ಬೆಲೆಗೆ ಸಿಗುತ್ತದೆ. ಎಫ್ 8ಕ್ಕೆ ಕಿರಿದು ಮಾಡಿದಾಗ ನೀರಿನಲ್ಲಿ ನನಗೆ ಸಾಕೆನಿಸಿದೆ, ಆಟೊಫೋಕಸ್ ಕೂಡ ಇದೆ. ಎಸ್‌ಎಲ್‌ಆರ್ ಕಾಲದಲ್ಲಿ ನೀರೊಳಗಿನವರ ಅಚ್ಚುಮೆಚ್ಚಾಗಿದ್ದ ಟೋಕಿನಾ 10-17 ಫಿಶ್‌ಐ ಜೂಮ್ ಅನ್ನು ಅಡಾಪ್ಟರ್ ಹಾಕಿ ಬಳಸುವವರೂ ಇದ್ದಾರೆ. ಆದರೆ ಅಡಾಪ್ಟರ್, ಅದಕ್ಕೆ ತಕ್ಕಂತೆ ಪೋರ್ಟನ್ನು ಮುಂದಕ್ಕೆ ಚಾಚುವ ಎಕ್ಸ್‌ಟೆನ್ಷನ್ ರಿಂಗ್ ಎಂದು ಸೇರಿಸುತ್ತ ಹೋದರೆ ಅಗ್ಗದ ಲೆನ್ಸ್ ಅಗ್ಗವಾಗಿ ಉಳಿಯುವುದಿಲ್ಲ.

ಇನ್ನೂ ಕಡಿಮೆ ಹಣವಿದ್ದರೆ? ಕೈಯಿಂದಲೇ ಫೋಕಸ್ ಮಾಡುವ ಫಿಶ್‌ಐಗಳಿವೆ: ಸಮ್ಯಾಂಗ್‌ನ 7.5 ಮತ್ತು 8 ಮಿ.ಮೀ., 7ಆರ್ಟಿಸಾನ್ಸ್‌ನ 7.5 ಮಿ.ಮೀ. ಮುಚ್ಚಿದ ಹೌಸಿಂಗಿನೊಳಗೆ ಫೋಕಸ್ ರಿಂಗ್ ತಿರುಗಿಸುವುದು ಹೇಗೆ ಎಂದು ಕೇಳುತ್ತೀರಿ. ತಿರುಗಿಸುವುದೇ ಬೇಡ. ಕಡಲೆಲ್ಲ ಹನ್ನೆರಡು ಸೆಂಟಿಮೀಟರಿನ ಪಟ್ಟಿಯಲ್ಲಿ ಮಡಚಿ ಕೂತಿದೆ ಎಂದೆನಲ್ಲ, ಅದು ಇಲ್ಲಿ ನಮ್ಮ ಕೈ ಹಿಡಿಯುತ್ತದೆ. 8 ಮಿ.ಮೀ. ಲೆನ್ಸನ್ನು ಎಫ್ 8ರಲ್ಲಿಟ್ಟು ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರಿನ ಆಸುಪಾಸಿಗೆ ಫೋಕಸ್ ಮಾಡಿದರೆ ಆ ಇಡೀ ಪಟ್ಟಿ ಸ್ಪಷ್ಟವಾಗಿ ಬರುತ್ತದೆ. ದಡದಲ್ಲಿ ಒಮ್ಮೆ ಹೊಂದಿಸಿ, ರಿಂಗಿನ ಮೇಲೆ ಟೇಪ್ ಸುತ್ತಿ, ಮುಚ್ಚಳ ಹಾಕಿ. ಆಮೇಲೆ ಫೋಕಸ್ ಎಂಬ ಚಿಂತೆಯೇ ಇಲ್ಲ, ಮೀನಿನ ಕಣ್ಣನ್ನಷ್ಟೇ ನೋಡಿಕೊಂಡಿರಬಹುದು. ಈ ದಾರಿಯನ್ನು ಹೆಚ್ಚು ಜನ ಹಿಡಿಯದಿರುವುದು ನನಗೆ ಬೇಸರದ ಸಂಗತಿ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಇನ್ನೊಂದು ದಾರಿ ವೆಟ್ ಲೆನ್ಸ್. ಚಪ್ಪಟೆ ಪೋರ್ಟ್, ಕಿಟ್ ಲೆನ್ಸ್ ಎರಡನ್ನೂ ಹಾಗೆಯೇ ಇಟ್ಟುಕೊಂಡು, ಪೋರ್ಟಿನ ಹೊರಗೆ ನೀರಿನಲ್ಲಿಯೇ ಜೋಡಿಸುವ ಲೆನ್ಸ್ ಇದು. ನೀರನ್ನು ಲೆಕ್ಕಕ್ಕೆ ಹಿಡಿದೇ ರೂಪಿಸಿದ ಗಾಜು. ಈ ಯೋಚನೆ ಹೊಸದಲ್ಲ. 1963ರಲ್ಲಿ ಬಂದ ನಿಕಾನಾಸ್ ಎಂಬ ನೀರೊಳಗಿನ ಕ್ಯಾಮೆರಾಗಳಿಗೆ ಮುಂದೆ ಮಾಡಿದ 15 ಮಿ.ಮೀ. ಲೆನ್ಸ್ ನೇರವಾಗಿ ನೀರಿಗೆ ಮೈಯೊಡ್ಡುತ್ತಿತ್ತು. ಅದರ ಚಿತ್ರಗಳ ಮೂಲೆಗಳನ್ನು ನೋಡಿದವರು ಇವತ್ತಿಗೂ ಮೆಚ್ಚುತ್ತಾರೆ. ಈಗಿನ ವೆಟ್ ಲೆನ್ಸುಗಳಲ್ಲಿ ನಾಟಿಕ್ಯಾಮ್ ಕಂಪನಿಯವು 130 ಡಿಗ್ರಿ ಕೊಡುತ್ತವೆ, ಇನಾನ್‌ನ ಯುಡಬ್ಲ್ಯೂಎಲ್-ಎಚ್100 ಸುಮಾರು ನೂರು. ಲೆನ್ಸಿನ ತೀರ ಸಮೀಪದವರೆಗೂ ಫೋಕಸ್ ಸಿಗುತ್ತದೆ, ಜೂಮ್ ಮಾಡಬಹುದು, ಬೇಡವಾದಾಗ ನೀರೊಳಗೇ ಬಿಚ್ಚಬಹುದು. ನಾಳೆ ಕ್ಯಾಮೆರಾ ಬದಲಾದರೂ, 67 ಮಿ.ಮೀ. ತಿರುಪು ಮರೆ (ಥ್ರೆಡ್) ಇರುವ ಪೋರ್ಟ್ ಮತ್ತು ತಕ್ಕ ಕಿಟ್ ಲೆನ್ಸ್ ಇದ್ದರೆ, ವೆಟ್ ಲೆನ್ಸ್ ಉಳಿಯುತ್ತದೆ. ಡೋಮಿಗೆ ಆ ಭಾಗ್ಯವಿಲ್ಲ, ಅದು ಒಂದೇ ಕಂಪನಿಯ ಹೌಸಿಂಗಿಗೆ ಅಂಟಿಕೊಂಡದ್ದು.

ಹಾಗಿದ್ದರೂ ಅದನ್ನೇ ಎಲ್ಲರಿಗೂ ಹೇಳಲಾರೆ. ಮೇಲ್ಮಟ್ಟದ ವೆಟ್ ಲೆನ್ಸ್ ಒಂದಕ್ಕೇ ಲಕ್ಷ ರೂಪಾಯಿ ದಾಟುತ್ತದೆ, ತೂಕವೂ ಒಂದು ಕಿಲೋ ದಾಟುತ್ತದೆ. ಕೈಗೆಟಕುವವು ಇವೆ, ಆದರೆ ಕೋನ ಕಡಿಮೆ. ಪೋರ್ಟ್ ಮತ್ತು ವೆಟ್ ಲೆನ್ಸಿನ ನಡುವೆ ಗಾಳಿಯ ಗುಳ್ಳೆ ಉಳಿದರೆ ಚಿತ್ರದ ನಡುವೆಯೇ ಕಾಣುತ್ತದೆ. ನೀರಿಗಿಳಿದ ಕೂಡಲೇ ಸಡಿಲಿಸಿ, ಗುಳ್ಳೆ ಬಿಟ್ಟು, ಮತ್ತೆ ಬಿಗಿಯಬೇಕು. ಅರ್ಧ ಆಕಾಶ, ಅರ್ಧ ನೀರು ಇರುವ ಚಿತ್ರವನ್ನಂತೂ ಅದರಲ್ಲಿ ತೆಗೆಯಲಾಗದು. ಅದಕ್ಕೆ ಡೋಮೇ ಬೇಕು, ದೊಡ್ಡದಾದಷ್ಟೂ ಒಳ್ಳೆಯದು.

ಕ್ರಮದ ಬಗ್ಗೆ ಒಂದು ಮಾತು. ಲೆನ್ಸ್ ಮೊದಲು ಕೊಂಡು ಆಮೇಲೆ ಹೌಸಿಂಗ್ ಹುಡುಕಬೇಡಿ. ಹೌಸಿಂಗ್ ತಯಾರಕರು ಯಾವ ಲೆನ್ಸಿಗೆ ಯಾವ ಪೋರ್ಟ್, ನಡುವೆ ಎಷ್ಟು ಉದ್ದದ ರಿಂಗ್ ಎಂದು ಪೋರ್ಟ್ ಚಾರ್ಟ್ ಕೊಡುತ್ತಾರೆ. ಲೆನ್ಸಿನ ಕಣ್ಣು ಡೋಮಿನ ಕೇಂದ್ರದಲ್ಲಿ ಕೂರಬೇಕು, ಒಂದೆರಡು ಸೆಂಟಿಮೀಟರ್ ಹಿಂದೆ ಮುಂದಾದರೂ ಮೂಲೆಗಳು ಹಾಳು. ಸೀಫ್ರಾಗ್ಸ್‌ನಂಥ ಪಾಲಿಕಾರ್ಬೊನೇಟ್ ಹೌಸಿಂಗುಗಳು 40 ಮೀಟರಿನವರೆಗೆ ತಡೆಯುತ್ತವೆ. ನೇತ್ರಾಣಿಯಲ್ಲಿ ನಾವು ಇಳಿಯುವುದು ಅದರ ಅರ್ಧಕ್ಕೂ ಕಡಿಮೆ. ಅಲ್ಯೂಮಿನಿಯಂ ಹೌಸಿಂಗಿನ ಹಣವನ್ನು ಲೆನ್ಸಿಗೂ ಬೆಳಕಿಗೂ ಉಳಿಸಿ. ಬೆಳಕು ಎಂದದ್ದು ಯಾಕೆಂದರೆ ಅಷ್ಟಗಲದ ನೋಟಕ್ಕೆ ಒಂದು ಸ್ಟ್ರೋಬ್ ಸಾಲದು, ಎರಡು ಬೇಕು. ಅದು ಕೂಡುವವರೆಗೆ ಐದಾರು ಮೀಟರ್ ಆಳದಲ್ಲಿ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಕೈಯಿಂದ ಹೊಂದಿಸಿಕೊಂಡು ತೆಗೆಯಿರಿ.

ಹಳೆಯ ಲೆನ್ಸ್ ಕೊಳ್ಳುವಾಗ ಮೊಬೈಲಿನ ಟಾರ್ಚನ್ನು ಹಿಂದಿನಿಂದ ಹಾಕಿ ಮುಂದಿನಿಂದ ನೋಡಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಳೆದ ಲೆನ್ಸುಗಳಲ್ಲಿ ಜೇಡರಬಲೆಯಂತೆ ಶಿಲೀಂಧ್ರ ಹಬ್ಬಿರುತ್ತದೆ. ಕಂಡರೆ ಬಿಟ್ಟುಬಿಡಿ. ಹೌಸಿಂಗನ್ನು ಮೊದಲ ಸಲ ಖಾಲಿಯಾಗಿ, ಒಳಗೆ ಟಿಶ್ಯೂ ಕಾಗದ ಇಟ್ಟು ಮುಳುಗಿಸಿ. ನೀರು ತಡೆಯುವ ರಬ್ಬರ್ ಬಳೆಯಾದ ಓ-ರಿಂಗಿನ ಮೇಲೆ ಒಂದು ತಲೆಗೂದಲು ಇದ್ದರೂ ನೀರು ಒಳಬರಲು ಸಾಕು.

ಈಗಾಗಲೇ ನನ್ನ ಹಾಗೆ ತಪ್ಪಾಗಿ ಕೊಂಡವರು ಇಲ್ಲಿರಬಹುದು. ಎಲ್ಲವನ್ನೂ ಮಾರುವ ಮುನ್ನ ಪ್ಲಸ್ 2 ಅಥವಾ ಪ್ಲಸ್ 3 ಕ್ಲೋಸ್-ಅಪ್ ಫಿಲ್ಟರ್ ಒಂದನ್ನು ತಂದು, ಡೋಮಿನ ಒಳಗೆ, ಕಿಟ್ ಲೆನ್ಸಿನ ಮುಂದೆ ಹಾಕಿ ನೋಡಿ. ಓದುವ ಕನ್ನಡಕದಂತೆ ಅದು ಲೆನ್ಸಿಗೆ ಹತ್ತಿರದ್ದನ್ನು ಕಾಣಿಸುತ್ತದೆ, ಮೂಲೆಗಳೂ ಸುಧಾರಿಸುತ್ತವೆ. ನನ್ನ ಕಿಟ್ ಲೆನ್ಸ್ ಮರುವರ್ಷ ಗಿಳಿಮೀನನ್ನು ಹಿಡಿದದ್ದು ಹಾಗೆಯೇ.

ಹೊರಗಿನ ಪಡಸಾಲೆಯಲ್ಲಿ ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿಟ್ಟಿದ್ದೇನೆ. ತಳದಲ್ಲಿ ಪ್ಲಾಸ್ಟಿಕ್ ಹೊದಿಸಿದ ಕನ್ನಡ ದಿನಪತ್ರಿಕೆಯ ಒಂದು ಪುಟವಿದೆ. ಪೋರ್ಟ್ ಪರೀಕ್ಷಿಸಲು ನಾನು ಮನೆಯಲ್ಲಿ ಬಳಸುವುದು ಇದನ್ನೇ. ಎಫ್ 4ರಲ್ಲಿ ತೆಗೆದು ಚಿತ್ರದ ಮೂಲೆಯನ್ನು ಹಿಗ್ಗಿಸಿ ನೋಡಿ: ದೊಡ್ಡ ಅಕ್ಷರ ಓದಲು ಬರುತ್ತದೆ, ಅದರ ಕೆಳಗಿನ ಒತ್ತಕ್ಷರ ಮಸಿ ಒರೆಸಿದಂತೆ ಇರುತ್ತದೆ. ಎಫ್ 8ಕ್ಕೆ ಬಂದಾಗ ಒತ್ತಕ್ಷರ ಬಿಡಿಯಾಗುತ್ತದೆ. ಎಫ್ 11ರಲ್ಲಿ ಅರ್ಕಾವತ್ತಿನ ಕೊಂಡಿಯೂ ಕಾಣುತ್ತದೆ. ಫಿಶ್‌ಐ ಕೂಡಿಸಿದ ಹೌಸಿಂಗ್ ಒಂದು, ವೆಟ್ ಲೆನ್ಸ್ ಕೂಡಿಸಿದ್ದು ಒಂದು, ಎರಡೂ ಟಬ್ಬಿನ ಪಕ್ಕದಲ್ಲಿವೆ. ನಿಮ್ಮ ಕೈಯಿಂದಲೇ ಮುಳುಗಿಸಿ ತೆಗೆದು ನೋಡಿ. ಡೋಮಿಗೆ ಮಾತ್ರ ಬೆರಳು ತಾಗಿಸಬೇಡಿ, ಅದು ಅಕ್ರಿಲಿಕ್, ಬೇಗ ಗೀರು ಬೀಳುತ್ತದೆ. ಮೆಣಸಿನಕಾಯಿಯ ಚೀಲವೂ ಅಲ್ಲಿಯೇ ಇದೆ.